ಎಡಗಡೆಯ ಹಿಂದಿನ ಚಕ್ರ

ಕಾವೇರಿಯ ದಂಡೆಯಲ್ಲಿ ಒಂದು ಶೆಡ್ಡು. ಶೆಡ್ಡಿನಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ.

ಗುರು ಅಂದ ಕೂಡಲೇ ಗಡ್ಡ, ಕಾವಿ, ಕಮಂಡಲ ಅಂದುಕೊಳ್ಳಬೇಡಿ. ಖಾಕಿ ಪ್ಯಾಂಟು, ತೋಳಿಲ್ಲದ ಬನಿಯನ್, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಗ್ರೀಸು. ಹೆಸರು ಮರಿಸ್ವಾಮಿ. ಹಳೆಯ ಕಾರುಗಳನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟದ ಮೇಸ್ತ್ರಿ. ಮಾತು ಕಡಿಮೆ, ಶಿಷ್ಯ ಒಬ್ಬನೇ. ಊರವರು ಆ ಶೆಡ್ಡಿಗೆ ಆಶ್ರಮ ಅಂತ ಹೆಸರಿಟ್ಟು ನಗುತ್ತಿದ್ದರು. ಮೇಸ್ತ್ರಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಶಿಷ್ಯ ಕೆಂಪರಾಜು. ವಯಸ್ಸು ಮೂವತ್ತೆರಡು. ಅಷ್ಟು ವಯಸ್ಸಾದ ಮೇಲೆ ಕೆಲಸ ಕಲಿಯಲು ಬಂದದ್ದೇಕೆ ಅಂದರೆ, ಅದಕ್ಕೆ ಮೊದಲು ಮೂರು ಕಡೆ ಅವನನ್ನು ಬೇಡ ಅಂದಿದ್ದರು.

ಮೂರಕ್ಕೂ ಕಾರಣ ಒಂದೇ. ಅವನ ಎಡಗಿವಿ ಕೇಳಿಸುತ್ತಿರಲಿಲ್ಲ.

ಏಳನೇ ವಯಸ್ಸಿನಲ್ಲಿ ಸೋರಲು ಶುರುವಾದ ಕಿವಿ, ಹತ್ತು ತುಂಬುವಷ್ಟರಲ್ಲಿ ಪೂರ್ತಿ ಸುಮ್ಮನಾಯಿತು. ಸೈನ್ಯಕ್ಕೆ ಸೇರಲು ಹೋದಾಗ ಡಾಕ್ಟರು ತಲೆಯಾಡಿಸಿದರು. ಬಸ್ ಡ್ರೈವರ್ ಕೆಲಸಕ್ಕೆ ಹೋದಾಗಲೂ ಅದೇ ಆಯಿತು. ಆಮೇಲೆ ಸೇರಿದ ಗ್ಯಾರೇಜಿನಲ್ಲಿ ಎಲ್ಲರೂ ಅವನನ್ನು ಕಿವುಡ ಅಂತಲೇ ಕರೆದರು. ಒಂದು ದಿನ, ಎಂಜಿನ್ನಿನ ಸದ್ದು ಗುರುತಿಸಲು ಬಾರದವನು ಇಲ್ಲಿ ಬೇಡ ಅಂತ ಮನೆಗೆ ಕಳಿಸಿಬಿಟ್ಟರು.

ಹಾಗಾಗಿ ಮರಿಸ್ವಾಮಿಯವರ ಬಳಿಗೆ ಬಂದಾಗ ಕೆಂಪರಾಜು ಕಿವಿಯ ಮಾತೇ ಎತ್ತಲಿಲ್ಲ.

ಮೂರು ವರ್ಷ ಎತ್ತಲಿಲ್ಲ. ಬಲಗಿವಿ ಅವರ ಕಡೆಗಿರಲಿ ಅಂತ ಯಾವಾಗಲೂ ಮೇಸ್ತ್ರಿಯ ಎಡಕ್ಕೆ ನಿಲ್ಲುವನು. ಟೀ ಕುಡಿಯುವಾಗ ಬೆಂಚಿನ ಎಡತುದಿಯನ್ನು ಮೊದಲೇ ಹೋಗಿ ಹಿಡಿಯುವನು. ಎಡಗಡೆಯಿಂದ ಯಾರಾದರೂ ಕರೆದದ್ದು ತಪ್ಪಿಹೋದರೆ, ಕೆಲಸದಲ್ಲಿ ಮುಳುಗಿದವನ ಮುಖ ಮಾಡುವನು. ಎಲ್ಲ ರೂಢಿಯಾಗಿತ್ತು. ಆದರೂ ಸಂಜೆಯ ಹೊತ್ತಿಗೆ, ಮಾಡಿದ ಕೆಲಸಕ್ಕಿಂತ ಮುಚ್ಚಿಟ್ಟದ್ದಕ್ಕೇ ಹೆಚ್ಚು ಸುಸ್ತಾಗಿರುತ್ತಿತ್ತು.

ಆ ಶೆಡ್ಡಿನ ಕೆಲಸ ಅವನಿಗೆ ಪಂಚಪ್ರಾಣ. ಅಲ್ಲಿಂದಲೂ ಕಳಿಸಿದರೆ ಮುಂದೇನು ಅಂತ ಯೋಚಿಸಲೂ ಅವನಿಗೆ ಭಯವಾಗುತ್ತಿತ್ತು.

ಮೇಸ್ತ್ರಿಯದು ಒಂದು ಪದ್ಧತಿ. ಮೂರು ವರ್ಷ ತುಂಬಿದ ಶಿಷ್ಯನಿಗೆ ಒಂದು ಕಾರನ್ನು ಪೂರ್ತಿ ಒಪ್ಪಿಸಿಬಿಡುವುದು. ಎಲ್ಲಿ ಕೆಟ್ಟಿದೆ ಅಂತ ಬಿಚ್ಚುವ ಮೊದಲೇ ಅವನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಬಿಚ್ಚಿ ಸರಿ ಮಾಡಬೇಕು. ಗುರು ಕೈ ಹಾಕುವುದಿಲ್ಲ. ಗೆದ್ದರೆ ಶಿಷ್ಯ ಜೊತೆಗಾರನಾಗಿ ಉಳಿಯುತ್ತಾನೆ. ಸೋತರೆ ಮೇಸ್ತ್ರಿ ಅವನಿಗೆ ಹೊಟ್ಟೆ ತುಂಬ ಊಟ ಹಾಕಿಸಿ, ಒಳ್ಳೇದಾಗಲಿ ಅಂತ ಕಳಿಸಿಕೊಡುತ್ತಾರೆ. ಕೆಂಪರಾಜುವಿಗಿಂತ ಮುಂಚಿನ ಇಬ್ಬರು ಹಾಗೆ ಊಟ ಮಾಡಿಕೊಂಡೇ ಹೋಗಿದ್ದರು.

ಕೆಂಪರಾಜುವಿನ ಪಾಲಿಗೆ ಬಂದದ್ದು ಪದ್ಮಾಕ್ಷಮ್ಮನವರ ಕಾರು. ಎರಡೇ ಸೀಟಿನ, ಚಾವಣಿ ಮಡಚುವ ಕೆಂಪು ಸ್ಪೋರ್ಟ್ಸ್ ಕಾರು. ಅದರ ವಯಸ್ಸು ಮೂವತ್ತು ದಾಟಿತ್ತು. ಪದ್ಮಾಕ್ಷಮ್ಮನವರದು ಅರವತ್ತೈದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು, ತಲೆಗೆ ಸ್ಕಾರ್ಫು ಕಟ್ಟಿಕೊಂಡು ಅದೇ ಕಾರಿನಲ್ಲಿ ತರಕಾರಿಗೆ ಹೋಗುವರು.

"ಮೇಸ್ತ್ರೀ, ಹಿಂದುಗಡೆ ಯಾರೋ ಕೂತ್ಕೊಂಡು ಗೊಣಗ್ತಾ ಇದ್ದಾರೆ" ಅಂದರು. "ಸ್ಪೀಡು ನಲವತ್ತು ದಾಟಿದ್ರೆ ಶುರು. ಹಿಂದೆ ಸೀಟೇ ಇಲ್ಲ ನೋಡಿ ಇದಕ್ಕೆ."

ಮೇಸ್ತ್ರಿ ನಕ್ಕರು.

"ಹಿಂದಿನ ಚಕ್ರದ ಬೇರಿಂಗೇ ಇರಬೇಕು" ಅಂದರು ಪದ್ಮಾಕ್ಷಮ್ಮ. "ಎರಡು ಹೊಸವು ತರಿಸಿಟ್ಟಿದ್ದೀನಿ. ಯಾವ ಕಡೆದು ಹೋಗಿದೆ ಅಂತ ನೀವು ಹೇಳಿ. ಶನಿವಾರ ಅಕ್ಕನ್ನ ಕೂರಿಸ್ಕೊಂಡು ಬೆಟ್ಟ ಹತ್ತಬೇಕು."

"ನಾನು ಹೇಳಲ್ಲ" ಅಂದರು ಮೇಸ್ತ್ರಿ. "ಈ ಗಾಡಿ ಕೆಂಪರಾಜುದು. ಅವನು ಹೇಳ್ತಾನೆ."

ಕೆಂಪರಾಜು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಎರಡು ಉಕ್ಕಿನ ಬಳೆಗಳಿರುತ್ತವೆ, ಬಳೆಗಳ ನಡುವೆ ಗುಂಡುಗಳ ಸಾಲು. ಬೇರಿಂಗು ಅಂದರೆ ಇಷ್ಟೇ. ಗುಂಡು ಓಡುವ ದಾರಿ ಸವೆದರೆ ಸದ್ದು ಬರುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಚಕ್ರವೇ ಅಲ್ಲಾಡುತ್ತದೆ. ಇದೆಲ್ಲ ಅವನಿಗೆ ನೀರು ಕುಡಿದಷ್ಟು ಸುಲಭ. ಕಷ್ಟವಿದ್ದದ್ದು ಎಡವೋ ಬಲವೋ ಅನ್ನುವ ಒಂದೇ ಮಾತಿನಲ್ಲಿ.

ಮೇಸ್ತ್ರಿ ಕಾರು ಓಡಿಸಿದರು. ಕೆಂಪರಾಜು ಪಕ್ಕದಲ್ಲಿ ಕೂತ. ನದಿಯ ಪಕ್ಕದ ರಸ್ತೆ ಖಾಲಿಯಿತ್ತು. ವೇಗ ಏರಿದಂತೆ ಸದ್ದು ಶುರುವಾಯಿತು. ಮೇಸ್ತ್ರಿ ಕಾರನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನಿಧಾನವಾಗಿ ತೂಗಿದರು.

ಕೆಂಪರಾಜು ಕಣ್ಣು ಮುಚ್ಚಿ, ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಹುಡುಕಿದ. ಅವನಿಗೆ ಲೋಕದ ಸದ್ದೆಲ್ಲ ಬರುವುದೇ ಬಲದಿಂದ. ಇದೂ ಅಲ್ಲಿಂದಲೇ ಬಂತು.

"ಯಾವ ಕಡೆ?" ಮೇಸ್ತ್ರಿ ಕೇಳಿದರು.

"ಬಲಗಡೆ, ಮೇಸ್ತ್ರೀ."

"ಖಾತ್ರೀನಾ?"

ಖಾತ್ರಿಯಿಲ್ಲ ಅಂದರೆ ಯಾಕಿಲ್ಲ ಅಂತ ಕೇಳುತ್ತಾರೆ.

"ಖಾತ್ರಿ" ಅಂದ.

"ಹಂಗಾದ್ರೆ ಬಿಚ್ಚು."

ಹೊಸ ಬೇರಿಂಗುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದಂಡೆಯ ಮೇಲೆ ಐಸ್‌ಕ್ಯಾಂಡಿ ಮಾರುವವನ ಪೆಟ್ಟಿಗೆಯಲ್ಲಿ ಇಟ್ಟುಬಂದ. ತಣ್ಣಗಾದ ಉಕ್ಕು ಕೂದಲೆಳೆಯಷ್ಟು ಕುಗ್ಗುತ್ತದೆ, ಒಳಗೆ ಹೋಗಲು ಹಟ ಮಾಡುವುದಿಲ್ಲ. ಮೇಸ್ತ್ರಿಯಿಂದ ಕಲಿತದ್ದು. ಐಸ್‌ಕ್ಯಾಂಡಿಯವನು ಬೈದುಕೊಂಡೇ ಜಾಗ ಮಾಡಿಕೊಟ್ಟ.

ಬಲಗಡೆ ಚಕ್ರದ ನಡುವಿನ ದೊಡ್ಡ ನಟ್ಟು ಮೂವತ್ತು ವರ್ಷದ ತುಕ್ಕು ಹಿಡಿದು ಕೂತಿತ್ತು. ಸ್ಪ್ಯಾನರಿಗೆ ಆಳುದ್ದದ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಹಾಕಿದ ಮೇಲೆ ಕಟ್ ಅಂತ ಸಡಿಲವಾಯಿತು. ಆಮೇಲಿನದೆಲ್ಲ ಒಪ್ಪವಾಗಿ ನಡೆಯಿತು. ಹಳೆಯದನ್ನು ಒತ್ತುವ ಯಂತ್ರದಲ್ಲಿಟ್ಟು ಹೊರಗೆ ತಳ್ಳಿದ. ಹಾಗೆ ತಳ್ಳಿ ತೆಗೆದ ಬೇರಿಂಗನ್ನು ಮತ್ತೆ ಹಾಕಲು ಬರುವುದಿಲ್ಲ. ಹೊಸದನ್ನು ಕೂರಿಸುವಾಗ ಹೊರಬಳೆಯನ್ನು ಮಾತ್ರ ಒತ್ತಿದ. ಒಳಬಳೆ ಒತ್ತಿದರೆ ಭಾರವೆಲ್ಲ ಗುಂಡುಗಳ ಮೇಲೆ ಬಿದ್ದು, ಹೊಸ ಬೇರಿಂಗು ಹಾಕುವ ಗಳಿಗೆಯಲ್ಲೇ ಹಾಳಾಗುತ್ತದೆ. ಅವನ ಕೈಗೆ ಆ ಎಚ್ಚರ ಇತ್ತು. ಮೇಸ್ತ್ರಿ ಬೆಂಚಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಾ ನೋಡುತ್ತಿದ್ದರು.

ಹೊರಬಂದ ಹಳೆಯ ಬೇರಿಂಗನ್ನು ಕೆಂಪರಾಜು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದ.

ಗುಂಡು ಓಡುವ ದಾರಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಗೀರಿಲ್ಲ, ಒಂದು ಚುಕ್ಕೆಯಿಲ್ಲ.

ಕಣ್ಣಿಗೆ ಕಾಣದಷ್ಟು ಸವೆದಿರಬೇಕು ಅಂತ ಹೇಳಿಕೊಂಡು, ಅದನ್ನು ಹಳೆ ಬಟ್ಟೆಯಲ್ಲಿ ಸುತ್ತಿ ಬೆಂಚಿನ ಕೆಳಗೆ ತಳ್ಳಿದ.

ಮಧ್ಯಾಹ್ನ ಒಬ್ಬನೇ ಕಾರು ತೆಗೆದುಕೊಂಡು ಹೋದ. ನಲವತ್ತು ದಾಟಿತು. ಹಿಂದುಗಡೆ ಗೊಣಗಾಟ ಹಾಗೇ ಇತ್ತು.

ಸೇತುವೆಯ ಹತ್ತಿರ ಕಾರು ನಿಲ್ಲಿಸಿದ. ಆಗ ಒಂದು ದಾರಿ ಹೊಳೆಯಿತು. ಇನ್ನೊಂದು ಹೊಸ ಬೇರಿಂಗು ಇದ್ದೇ ಇದೆ. ಇಂಥ ಹಳೆಯ ಕಾರಿಗೆ ಎರಡೂ ಕಡೆ ಒಟ್ಟಿಗೆ ಹಾಕುವುದು ವಾಡಿಕೆಯೇ. ಮೊದಲಿನಿಂದ ಹಾಗೇ ಅಂದುಕೊಂಡಿದ್ದೆ ಅಂದರೆ ಯಾರು ತಾನೇ ಇಲ್ಲ ಅಂತಾರೆ? ಎಡಗಡೆಯದೂ ಬದಲಾಗುತ್ತದೆ, ಸದ್ದು ನಿಲ್ಲುತ್ತದೆ, ಕಿವಿಯ ಗುಟ್ಟು ಕಿವಿಯಲ್ಲೇ ಉಳಿಯುತ್ತದೆ. ಸುಳ್ಳು ಅಂದರೆ ಹೀಗಿರಬೇಕು, ಅರ್ಧ ನಿಜ ಬೆರೆಸಿದ್ದು.

ವಾಪಸು ಬಂದು ಮೇಸ್ತ್ರಿಯ ಎಡಕ್ಕೆ ನಿಂತ.

"ಮೇಸ್ತ್ರೀ, ಎಡಗಡೆದೂ ಹಾಕಿಬಿಡ್ತೀನಿ. ಎರಡೂ ಒಟ್ಟಿಗೆ ಹಾಕಿದ್ರೇ ಒಳ್ಳೇದು."

"ಒಳ್ಳೇದೇ."

"ಮೊದಲಿಂದ ಹಂಗೇ ಅಂದ್ಕೊಂಡಿದ್ದೆ."

ಮೇಸ್ತ್ರಿ ಕಡಲೆಕಾಯಿಯ ಸಿಪ್ಪೆಯನ್ನು ಕೈಯಿಂದ ಕೊಡವಿದರು.

"ಹೋಗಿದ್ದು ಯಾವ ಕಡೆದು?"

ಕೆಂಪರಾಜು ಬಾಯಿ ತೆರೆದ. ಬಲಗಡೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಬದಲು ಬೆಂಚಿನ ಕೆಳಗೆ ಬಗ್ಗಿ, ಬಟ್ಟೆಯ ಗಂಟನ್ನು ಎಳೆದು, ಬಿಚ್ಚಿ ಮೇಸ್ತ್ರಿಯ ಮುಂದಿಟ್ಟ. ಹೊಳೆಯುವ ದಾರಿ ಮೇಲಕ್ಕೆ ಕಾಣುವಂತೆ ಇಟ್ಟ.

"ಇದು ಚೆನ್ನಾಗೇ ಇತ್ತು ಮೇಸ್ತ್ರೀ. ಹೋಗಿರೋದು ಎಡಗಡೆದು. ನಾನು ತಪ್ಪು ಹೇಳ್ದೆ."

"ಹೂಂ."

"ಎರಡೂ ಹಾಕೋಣ ಅಂದ್ಕೊಂಡಿದ್ದೆ ಅಂದಿದ್ದು ಸುಳ್ಳು."

"ಹೂಂ."

"ನನಗೆ ಎಡಗಿವಿ ಕೇಳಿಸಲ್ಲ. ಚಿಕ್ಕಂದಿನಿಂದ. ಎಲ್ಲ ಸದ್ದೂ ಬಲಗಡೆಯಿಂದ್ಲೇ ಬಂದಂಗಾಗುತ್ತೆ. ಮೂರು ವರ್ಷದಿಂದ ನಿಮಗೆ ಹೇಳ್ದೆ ಮುಚ್ಚಿಟ್ಟಿದ್ದೀನಿ."

ಹೇಳಿ ಮುಗಿಸಿದಾಗ ಹೆಗಲು ಸಡಿಲವಾದದ್ದು ಅವನಿಗೇ ಆಶ್ಚರ್ಯ.

ಮೇಸ್ತ್ರಿ ಹಳೆಯ ಬೇರಿಂಗನ್ನು ಎತ್ತಿ ನೋಡಿ ಕೆಳಗಿಟ್ಟರು.

"ಊಟ ಮಾಡ್ದಾ?" ಅಂದರು.

ಆ ಶೆಡ್ಡಿನಲ್ಲಿ ಊಟ ಅಂದರೆ ಏನು ಅಂತ ಕೆಂಪರಾಜುವಿಗೆ ಗೊತ್ತಿಲ್ಲವೇ?

"ಹಸಿವಿಲ್ಲ ಮೇಸ್ತ್ರೀ" ಅಂದ. ಬೆಳಗಿನಿಂದ ಏನೂ ತಿಂದಿರಲಿಲ್ಲ.

"ಹಂಗಾದ್ರೆ ಬಾ, ಕಾರಲ್ಲಿ ಕೂತ್ಕೋ."

ಮತ್ತೆ ಅದೇ ರಸ್ತೆ. ಸದ್ದು ಶುರುವಾಯಿತು.

"ಸದ್ದು ಎಲ್ಲಿಂದ ಬರುತ್ತೆ ಅಂತ ಹುಡುಕಬೇಡ" ಅಂದರು ಮೇಸ್ತ್ರಿ. "ಬಿಟ್ಟುಬಿಡು ಅದನ್ನ. ಸುಮ್ನೆ ಕೇಳು."

ಕಾರನ್ನು ಎಡಕ್ಕೆ ತಿರುಗಿಸಿದರು.

"ಈಗ?"

"ಕಮ್ಮಿ ಆಯ್ತು."

ಬಲಕ್ಕೆ ತಿರುಗಿಸಿದರು.

"ಈಗ?"

"ಜಾಸ್ತಿ ಆಯ್ತು ಮೇಸ್ತ್ರೀ. ಚೆನ್ನಾಗೇ ಜಾಸ್ತಿ ಆಯ್ತು."

"ಬಲಕ್ಕೆ ತಿರುಗಿದ್ರೆ ಭಾರ ಯಾವ ಚಕ್ರದ ಮೇಲೆ ಬೀಳುತ್ತೆ?"

"ಎಡಗಡೆ ಚಕ್ರದ ಮೇಲೆ."

ಹೇಳುತ್ತಿದ್ದಂತೆ ಅವನಿಗೇ ನಾಚಿಕೆಯಾಯಿತು. ಈ ಲೆಕ್ಕ ಅವನಿಗೆ ಮೊದಲ ವರ್ಷದಿಂದ ಗೊತ್ತಿದ್ದದ್ದೇ. ಮೊದಲ ಸಲವೂ ಮೇಸ್ತ್ರಿ ಹೀಗೇ ತೂಗಿದ್ದರು, ಸದ್ದು ಹೀಗೇ ಏರಿ ಇಳಿದಿತ್ತು. ಎರಡು ಕಿವಿಯಿರುವವನ ಹಾಗೆ ದಿಕ್ಕು ಹೇಳಬೇಕು ಅನ್ನುವ ಗಡಿಬಿಡಿಯಲ್ಲಿ ಅದು ತಲೆಗೇ ಹೋಗಿರಲಿಲ್ಲ.

"ಇದಕ್ಕೆ ಎಷ್ಟು ಕಿವಿ ಬೇಕಾಯ್ತು?"

"ಒಂದು."

ಮೇಸ್ತ್ರಿ ಕಾರನ್ನು ಶೆಡ್ಡಿಗೆ ತಿರುಗಿಸಿದರು. ಜಾಕು ಹಾಕಿಸಿ ಹಿಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿಸಿದರು. ಗೂಡಿನಲ್ಲಿದ್ದ ಹತ್ತಿಯ ಸುರುಳಿಯಿಂದ ಒಂದು ಉಂಡೆ ಮಾಡಿ, ಕೆಂಪರಾಜುವಿನ ಬಲಗಿವಿಗೆ ಒತ್ತಿ ತುರುಕಿದರು.

"ಎಡಗಿವಿಗೆ ಹತ್ತಿ ದಂಡ" ಅಂದರು. ಅವನಿಗೆ ಅದು ಕೇಳಿಸಲಿಲ್ಲ. ಅವರ ತುಟಿಯ ಮೂಲೆಯ ನಗು ಮಾತ್ರ ಕಂಡಿತು.

ಚಕ್ರದ ಹಿಂದಿನ ದಪ್ಪ ಸ್ಪ್ರಿಂಗಿನ ಮೇಲೆ ಅವನ ಅಂಗೈ ಇಡಿಸಿ, ಬಲಗಡೆ ಚಕ್ರವನ್ನು ತಿರುಗಿಸಿದರು. ಅಂಗೈಗೆ ಏನೂ ತಿಳಿಯಲಿಲ್ಲ. ಚಕ್ರ ತಿರುಗುತ್ತಿದೆ ಅಂತ ಕಣ್ಣು ಹೇಳಬೇಕಿತ್ತು, ಅಷ್ಟು ನಯ.

ಎಡಗಡೆಗೆ ಕರೆದುಕೊಂಡು ಹೋಗಿ ಮತ್ತೆ ಅಂಗೈ ಇಡಿಸಿದರು. ತಿರುಗಿಸಿದರು.

ಕೆಂಪರಾಜು ಬೆಚ್ಚಿ ಕೈ ತೆಗೆದ. ಮತ್ತೆ ಇಟ್ಟ.

ಉಕ್ಕಿನ ಒಳಗೆ ಯಾರೋ ಸಣ್ಣ ಮರಳು ಅರೆಯುತ್ತಿದ್ದರು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಲ್ಲಿ ಸವೆತ ಹೆಚ್ಚು, ಎಲ್ಲಿ ಕಡಿಮೆ ಅನ್ನುವುದೂ ಅಂಗೈಗೆ ಗೊತ್ತಾಗುತ್ತಿತ್ತು. ಇಷ್ಟು ಸ್ಪಷ್ಟವಾಗಿ ಯಾವ ಸದ್ದನ್ನೂ ಅವನು ಕಿವಿಯಲ್ಲಿ ಕೇಳಿರಲಿಲ್ಲ.

ಮೇಸ್ತ್ರಿ ಅವನ ಕಿವಿಯಿಂದ ಹತ್ತಿ ಎಳೆದರು.

"ಈಗ ಎಷ್ಟು ಕಿವಿ ಬೇಕಾಯ್ತು?"

"ಒಂದೂ ಇಲ್ಲ" ಅಂದ ಕೆಂಪರಾಜು. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಗ್ರೀಸು ಹಚ್ಚಿಕೊಂಡ.

"ಮೇಸ್ತ್ರೀ, ನಾನು ಇರ್ಲಾ, ಹೋಗ್ಲಾ?"

"ಎಡಗಡೆ ಚಕ್ರ ಹಂಗೇ ಇದೆಯಲ್ಲ, ಅದನ್ನ ಯಾರು ಮಾಡ್ತಾರೆ?"

"ನಾನು."

"ಅದಾದ ಮೇಲೆ ಇನ್ನೂ ಎರಡು ಗಾಡಿ ನಿಂತಿದ್ದಾವೆ. ಅವನ್ನ ಯಾರು ಮಾಡ್ತಾರೆ?"

ಕೆಂಪರಾಜು ಐಸ್‌ಕ್ಯಾಂಡಿಯವನ ಪೆಟ್ಟಿಗೆಯ ಕಡೆಗೆ ಹೆಚ್ಚೂಕಡಿಮೆ ಓಡಿದ. ಬರುವಾಗ ಒಂದು ಕೈಯಲ್ಲಿ ತಣ್ಣನೆಯ ಬೇರಿಂಗು, ಇನ್ನೊಂದು ಕೈಯಲ್ಲಿ ಐಸ್‌ಕ್ಯಾಂಡಿ. ಹೊಟ್ಟೆ ಹಸಿದದ್ದು ಆಗಷ್ಟೇ ನೆನಪಾಗಿತ್ತು.

ಎಡಗಡೆಯಿಂದ ಹೊರಬಂದ ಹಳೆಯ ಬೇರಿಂಗನ್ನು ಅವನು ತೊಳೆದು ನೋಡಿದ. ಗುಂಡಿನ ದಾರಿಯ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು. ಅಷ್ಟು ಕೆಟ್ಟ ವಸ್ತುವನ್ನು ಅಷ್ಟು ಸಂತೋಷದಿಂದ ನೋಡಿದವರು ಬೇರೆ ಯಾರೂ ಇರಲಾರರು.

ಶನಿವಾರ ಬೆಳಿಗ್ಗೆ ಪದ್ಮಾಕ್ಷಮ್ಮ ಬಂದರು. ಜೊತೆಗೆ ಅವರ ಅಕ್ಕ, ಅವರ ತಲೆಗೂ ಸ್ಕಾರ್ಫು. ಪದ್ಮಾಕ್ಷಮ್ಮ ಒಬ್ಬರೇ ಸೇತುವೆಯವರೆಗೆ ಓಡಿಸಿ ಹಿಂದಿರುಗಿದರು.

"ಗೊಣಗ್ತಿದ್ದೋರು ಇಳಿದು ಹೋದ್ರು" ಅಂದರು. "ಯಾವ ಕಡೆದು ಕೆಟ್ಟಿತ್ತು?"

ಮೇಸ್ತ್ರಿ ಕೆಂಪರಾಜುವಿನ ಕಡೆ ನೋಡಿದರು.

"ಎಡಗಡೆದು ಅಮ್ಮಾ" ಅಂದ ಕೆಂಪರಾಜು. "ನಾನು ಮೊದಲು ಬಲಗಡೆ ಅಂತ ಹೇಳಿ ಅದನ್ನ ಬಿಚ್ಚಿದ್ದೆ. ಅದು ಚೆನ್ನಾಗಿತ್ತು. ನನ್ನ ತಪ್ಪಿಂದ ಒಂದು ಒಳ್ಳೇ ಬೇರಿಂಗು ಹಾಳಾಯ್ತು."

ಪದ್ಮಾಕ್ಷಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ್ದೀನಿ ಕಣಪ್ಪ. ತಪ್ಪಿಗೆ ತಾನೇ ಗುರುತು ಹಾಕಿ ಕೊಟ್ಟೋನು ಒಬ್ಬನೂ ಸಿಕ್ಕಿರ್ಲಿಲ್ಲ." ಆಮೇಲೆ ಅಕ್ಕನ ಕಡೆ ತಿರುಗಿ, "ಕಾರು ಹತ್ತು, ಹೊತ್ತಾಗುತ್ತೆ" ಅಂದರು.

ಕೆಂಪು ಕಾರು ರಸ್ತೆಗೆ ಏರಿತು. ಕೆಂಪರಾಜು ಕೇಳುತ್ತಾ ನಿಂತ. ಎಂಜಿನ್ನಿನ ಸದ್ದು, ಇಬ್ಬರು ಹೆಂಗಸರ ನಗು. ಅಷ್ಟೇ.

ಅವತ್ತು ಸಂಜೆ ಇಬ್ಬರೂ ನದಿಯ ಮೆಟ್ಟಿಲ ಮೇಲೆ ಕೈ ತೊಳೆಯುತ್ತಾ ಕೂತಿದ್ದರು. ಎಲ್ಲಿ ಕೂರಬೇಕು ಅಂತ ಯೋಚಿಸದೆ ಕೂತದ್ದರಿಂದ, ಕೆಂಪರಾಜುವಿನ ಕೇಳದ ಕಿವಿ ಮೇಸ್ತ್ರಿಯ ಕಡೆಗಿತ್ತು. ಮೇಸ್ತ್ರಿ ಏನೋ ಅಂದರು.

"ಈ ಕಡೆ ಕೇಳಿಸಲ್ಲ ಮೇಸ್ತ್ರೀ, ಇನ್ನೊಂದ್ಸಲ ಹೇಳಿ" ಅಂದ ಕೆಂಪರಾಜು.

ಇಷ್ಟು ಸಣ್ಣ ಮಾತನ್ನು ಅವನು ಜೀವಮಾನದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನೂ ಆಗುವುದಿಲ್ಲ ಅನ್ನುವುದು ಗೊತ್ತಾಗಿ ನಗು ಬಂತು.

"ಸೋಪು ಕೊಡು ಅಂದೆ" ಅಂದರು ಮೇಸ್ತ್ರಿ.

ಕೊಟ್ಟ. ಕೈಯನ್ನು ನೀರಿಗೆ ಅದ್ದುತ್ತಾ ಕೇಳಿದ.

"ಮೇಸ್ತ್ರೀ, ನನ್ನ ಕಿವಿ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?"

"ನೀನು ಬಂದ ತಿಂಗಳೇ."

ಕೆಂಪರಾಜು ನೀರಿನಿಂದ ಕೈ ತೆಗೆದು ಅವರ ಕಡೆ ಪೂರ್ತಿ ತಿರುಗಿದ.

"ಮೂರು ವರ್ಷ ಗೊತ್ತಿದ್ದೂ ಒಂದು ಮಾತು ಆಡ್ಲಿಲ್ವಲ್ಲ ಮೇಸ್ತ್ರೀ?"

ಮೇಸ್ತ್ರಿ ಉಗುರಿನ ಸಂದಿಯ ಗ್ರೀಸನ್ನು ತಿಕ್ಕುತ್ತಲೇ ಹೇಳಿದರು.

"ಈ ರಸ್ತೇಲಿ ದಿನಾ ಎಷ್ಟೋ ಗಾಡಿ ಸದ್ದು ಮಾಡ್ಕೊಂಡು ಹೋಗ್ತವೆ ಕಣಪ್ಪ. ಹಿಂದೆ ಓಡಿಹೋಗಿ ಬಿಚ್ಚೋಕಾಗುತ್ತಾ? ಅವರೇ ತಂದು ನಿಲ್ಲಿಸ್ಬೇಕು."